ಸಣ್ಣ ತೋಟಕ್ಕೆ ಕಳೆ ಹೊಡೆಯುವ ಮಷೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಫೋನ್ ಶುರುವಾಗುತ್ತದೆ. "ಯಾವ ಮಷೀನ್ ತಗೊಳ್ಳಲಿ?" ತೀರ್ಥಹಳ್ಳಿ ಕಡೆ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಹತ್ತು ಹನ್ನೆರಡು ವರ್ಷದಿಂದ ಕಳೆ ನಾನೇ ಹೊಡೆಯುತ್ತೇನೆ, ಈಗಿರುವುದು ಮೂರನೇ ಮಷೀನ್. ಹಾಗಾಗಿ ಮದುವೆ ಮನೆಯಲ್ಲಿ, ಸೊಸೈಟಿ ಜಗಲಿಯಲ್ಲಿ, ಫೋನಿನಲ್ಲಿ, ಒಂದೊಂದು ಸಲ ಪತ್ರದಲ್ಲೂ ಇದೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ. ರೇಟು, ಕೂಲಿ ಎಲ್ಲಾ ನಮ್ಮ ಕಡೆಯ ಲೆಕ್ಕ, ನಿಮ್ಮಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

## ಮೊದಲು ಕೇಳುವ ಪ್ರಶ್ನೆಗಳು

ನಂದು ಬರೀ ಒಂದೂವರೆ ಎಕರೆ. ಸ್ವಂತ ಮಷೀನ್ ಬೇಕಾ, ಬಾಡಿಗೆಗೆ ಹೊಡೆಸಿದ್ರೆ ಸಾಲ್ದಾ?

ನೀವೇ ಹೆಗಲಿಗೆ ಹಾಕಿಕೊಂಡು ಹೊಡೆಯುತ್ತೀರಾ? ಅದನ್ನು ಮೊದಲು ತೀರ್ಮಾನ ಮಾಡಿ. ನಮ್ಮ ಕಡೆ ಮಷೀನ್ ಸಮೇತ ಬರುವವರು ದಿನಕ್ಕೆ 1,200ರಿಂದ 1,500 ರೂಪಾಯಿ ತೆಗೆದುಕೊಳ್ಳುತ್ತಾರೆ. ಒಂದೂವರೆ ಎಕರೆಗೆ ಒಂದು ಸುತ್ತಿಗೆ ಎರಡು ದಿನ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ ಮೂರು ಸುತ್ತು. ಅಲ್ಲಿಗೆ ಏಳರಿಂದ ಒಂಬತ್ತು ಸಾವಿರ. ನೀವೇ ಹೊಡೆಯುವುದಾದರೆ ಸಾಧಾರಣ ಮಷೀನಿನ ದುಡ್ಡು ಎರಡು ವರ್ಷದಲ್ಲಿ, ಒಳ್ಳೆಯದರ ದುಡ್ಡು ಮೂರು ನಾಲ್ಕು ವರ್ಷದಲ್ಲಿ ಹುಟ್ಟುತ್ತದೆ. ಮಷೀನ್ ನಿಮ್ಮದು, ಹೊಡೆಯುವವರು ಕೂಲಿಯವರು ಅಂತಾದರೆ ಉಳಿತಾಯ ತೀರಾ ಕಡಿಮೆ. ಕೂಲಿ ಕೊಡಬೇಕು, ಪೆಟ್ರೋಲ್ ಹಾಕಬೇಕು, ರಿಪೇರಿಯೂ ನಿಮ್ಮ ತಲೆಗೇ. ಅಂಥವರಿಗೆ ನಾನು ಬಾಡಿಗೆಗೇ ಮಾಡಿಸಿ ಅನ್ನುತ್ತೇನೆ.

ಒಂದು ಮಾತು ಸೇರಿಸಬೇಕು. ಬಾಡಿಗೆಯವರು ನಿಮಗೆ ಬೇಕಾದ ದಿನ ಸಿಗುವುದಿಲ್ಲ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಊರಿಗೆ ಊರೇ ಅವರನ್ನು ಕರೆಯುತ್ತಿರುತ್ತದೆ. ಸ್ವಂತ ಮಷೀನ್ ಇದ್ದರೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಹೊಡೆದರೂ ವಾರದಲ್ಲಿ ತೋಟ ಮುಗಿಯುತ್ತದೆ.

ವೀಡ್ ಕಟರ್, ಬ್ರಷ್ ಕಟರ್, ಗ್ರಾಸ್ ಕಟರ್ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಬೇರೆ ಬೇರೆನಾ?

ಅಂಗಡಿಯಲ್ಲಿ ಮೂರೂ ಹೆಸರಿಗೆ ಒಂದೇ ಮಷೀನ್ ತೋರಿಸುತ್ತಾರೆ. ಒಂದು ತುದಿಯಲ್ಲಿ ಪೆಟ್ರೋಲ್ ಎಂಜಿನ್, ಮಧ್ಯೆ ಉದ್ದದ ಪೈಪು, ಅದರೊಳಗೆ ತಿರುಗುವ ರಾಡು, ಇನ್ನೊಂದು ತುದಿಯಲ್ಲಿ ಗೇರ್ ಬಾಕ್ಸು. ಅದಕ್ಕೆ ನೈಲಾನ್ ದಾರದ ಹೆಡ್ ಬೇಕಾದರೂ ಹಾಕಬಹುದು, ಕಬ್ಬಿಣದ ಬ್ಲೇಡ್ ಬೇಕಾದರೂ ಹಾಕಬಹುದು. ಆದರೆ ಬರೀ ದಾರ ಹಾಕುವುದಕ್ಕೆ ಅಂತಲೇ ಮಾಡಿದ, ಪೈಪು ಬಗ್ಗಿರುವ ಸಣ್ಣ ಮಷೀನುಗಳೂ ಬರುತ್ತವೆ. ಅವು ಮನೆ ಮುಂದಿನ ಹುಲ್ಲಿಗೆ. ತೋಟಕ್ಕೆ ಪೈಪು ನೇರ ಇರುವುದನ್ನೇ ತೆಗೆದುಕೊಳ್ಳಿ.

ಕಳೆನಾಶಕ ಹೊಡೆದ್ರೆ ಒಂದೇ ದಿನದ ಕೆಲಸ. ಇಷ್ಟೆಲ್ಲಾ ಕಷ್ಟ ಯಾಕೆ?

ಒಂದು ದಿನದ ಕೆಲಸ ಹೌದು, ಆದರೆ ಮಲೆನಾಡಿನ ಮಳೆಗೆ ಬರಿ ಮಣ್ಣು ನಿಲ್ಲುವುದಿಲ್ಲ. ಕಳೆ ಬೇರು ಸಮೇತ ಸತ್ತ ಜಾಗದಲ್ಲಿ ಮೇಲ್ಮಣ್ಣು ಕೊಚ್ಚಿಕೊಂಡು ಬಸಿಗಾಲುವೆ ಸೇರುತ್ತದೆ. ಕತ್ತರಿಸಿ ಬಿಟ್ಟ ಕಳೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಬೇರು ಮಣ್ಣು ಹಿಡಿದಿರುತ್ತದೆ. ಜಾಸ್ತಿ ಜನ ಬಳಸುವ ಗ್ಲೈಫೋಸೇಟ್‌ನ ಬಳಕೆಯನ್ನು ನಿರ್ಬಂಧಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆಯನ್ನೂ ಹೊರಡಿಸಿತ್ತು. ನಮ್ಮ ತೋಟದ ನೀರು ಕೆಳಗಿನ ಮನೆಯವರ ಬಾವಿಯ ಪಕ್ಕದಲ್ಲೇ ಹರಿಯುತ್ತದೆ. ಹಾಗಾಗಿ ನಾನು ಹೊಡೆಯುವುದಿಲ್ಲ.

ಟಿಲ್ಲರ್ ಹೊಡೆಸಿದ್ರೆ ಬೇರು ಸಮೇತ ಹೋಗುತ್ತಲ್ಲ?

ಕಳೆಯ ಬೇರಿನ ಜೊತೆ ಅಡಿಕೆಯ ಬೇರೂ ಹೋಗುತ್ತದೆ. ಅಡಿಕೆ ಮರಕ್ಕೆ ತಾಯಿಬೇರಿಲ್ಲ, ಇರುವುದೆಲ್ಲಾ ಮೇಲ್ಮಣ್ಣಿನ ಹತ್ತಿರ ಹರಡಿದ ನಾರುಬೇರು. ತಿಪಟೂರು, ಅರಸೀಕೆರೆ ಕಡೆ ತೆಂಗಿನ ತೋಟದಲ್ಲಿ ಅಂತರ ಜಾಸ್ತಿ, ನೆಲ ಸಪಾಟು, ಮಳೆ ಕಡಿಮೆ. ಅಲ್ಲಿ ಸಾಲಿನ ಮಧ್ಯೆ ಪವರ್ ವೀಡರ್ (ಸಣ್ಣ ಟಿಲ್ಲರ್) ಹೊಡೆಯುವುದಕ್ಕೆ ಅರ್ಥ ಇದೆ. ಇಳಿಜಾರಿನ ಅಡಿಕೆ ತೋಟಕ್ಕೆ ಬೇಡ.

ನೂಕ್ಕೊಂಡು ಹೋಗೋ ಲಾನ್ ಮೂವರ್ ಆಗಲ್ವಾ? ಹೆಗಲು ನೋವಿದೆ.

ಅಂಗಳಕ್ಕೆ ಆಗುತ್ತದೆ. ತೋಟಕ್ಕೆ ಆಗುವುದಿಲ್ಲ. ಒಂಬತ್ತಡಿಗೆ ಒಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ ಇರುತ್ತವೆ, ಮಧ್ಯೆ ಬಸಿಗಾಲುವೆ, ಬಿದ್ದ ಸೋಗೆ, ಹಾಳೆ, ಕಲ್ಲು. ನಾಲ್ಕು ಚಕ್ರ ಎಲ್ಲಿ ಓಡಬೇಕು ಹೇಳಿ? ಬ್ರಷ್ ಕಟರಿಗೇ ಎರಡು ಚಕ್ರ ಜೋಡಿಸಿದ ನೂಕು ಗಾಡಿ ಬರುತ್ತದೆ, ಸಪಾಟಾದ ತೆಂಗಿನ ತೋಟಕ್ಕೆ ಅದು ಚೆನ್ನಾಗಿದೆ. ಹೆಗಲು ನೋವಿನವರು ಎರಡೂ ಹೆಗಲಿಗೆ ಭಾರ ಹಂಚುವ, ಸೊಂಟಕ್ಕೆ ಬಕಲ್ ಇರುವ ಬೆಲ್ಟ್ ಬೇರೆಯಾಗಿ ಕೊಳ್ಳಿ. ಮಷೀನ್ ಜೊತೆ ಬಿಟ್ಟಿ ಕೊಡುವ ಒಂಟಿ ಪಟ್ಟಿಯಲ್ಲಿ ಅರ್ಧ ಗಂಟೆಗೇ ಕುತ್ತಿಗೆ ಹಿಡಿದುಕೊಳ್ಳುತ್ತದೆ.

## ಕೊಳ್ಳುವಾಗ

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಮುಟ್ಟುವ ಮಷೀನ್ ಆದರೆ ಫೋರ್ ಸ್ಟ್ರೋಕ್. ಅದರಲ್ಲಿ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಟೂ ಸ್ಟ್ರೋಕಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಒಳ್ಳೆ ಕಂಪನಿಯ ಮಷೀನಿಗೆ ಒಳ್ಳೆ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಅಗ್ಗದ ಕೆಲವು ಮಷೀನಿಗೆ 25ಕ್ಕೆ 1, ಲೀಟರಿಗೆ 40 ಎಂಎಲ್. ಯಾವುದು ಅಂತ ಪುಸ್ತಕ ನೋಡಿ. ಯಾರೋ ಒಬ್ಬರು ಗಡಿಬಿಡಿಯಲ್ಲಿ ಬೈಕಿನ ಪೆಟ್ರೋಲ್ ಹಾಗೇ ಸುರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನನ್ನ ಮೊದಲ ಮಷೀನ್ ಹೋಗಿದ್ದೇ ಹಾಗೆ, ಎರಡನೇ ಮಳೆಗಾಲದಲ್ಲಿ. ಕ್ಯಾನು ಎರಡೂ ಒಂದೇ ಬಣ್ಣದವು, ಅದರ ಮೇಲೆ ಏನೂ ಬರೆದಿರಲಿಲ್ಲ.

ಟೂ ಸ್ಟ್ರೋಕಿನ ಗುಣವೂ ಇದೆ. ಅಷ್ಟೇ ತೂಕಕ್ಕೆ ಜಾಸ್ತಿ ಶಕ್ತಿ, ಗಟ್ಟಿ ಪೊದೆ ಇರುವ ಬೇಣ (ಹುಲ್ಲು, ಪೊದೆ ಬೆಳೆದ ಪಾಳು ಜಾಗ) ಸವರಲು ಒಳ್ಳೆಯದು. ಫೋರ್ ಸ್ಟ್ರೋಕಿನಲ್ಲಿ ಹೊಗೆ ಕಡಿಮೆ, ಸದ್ದು ಸ್ವಲ್ಪ ಮೆತ್ತಗೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಆದರೆ ಅದರಲ್ಲಿ ಹಿಡಿಯುವ ಆಯಿಲ್ ಬರೀ 100 ಎಂಎಲ್ ಆಸುಪಾಸು. ಸ್ವಲ್ಪ ಕಮ್ಮಿಯಾದರೂ ಎಂಜಿನ್‌ಗೆ ಪೆಟ್ಟು. ದಿನಾ ಬೆಳಿಗ್ಗೆ ನೋಡಲೇಬೇಕು.

52 ಸಿಸಿದು ಎಂಟು ಸಾವಿರಕ್ಕೆ ಸಿಗ್ತಿದೆ, 35 ಸಿಸಿದು ಇಪ್ಪತ್ತೈದು ಸಾವಿರ ಅಂತಾರೆ. ಇದೆಂಥ ಲೆಕ್ಕ?

ಸಿಸಿ ನೋಡಿ ಮಷೀನ್ ಅಳೆಯಬೇಡಿ. ಎಷ್ಟು ಕಿಲೋವಾಟ್ ಅಂತ ಕೇಳಿ. ಹೋಂಡಾದ ಜಿಎಕ್ಸ್ 35 ಎಂಜಿನ್ 35.8 ಸಿಸಿ, 1 ಕಿಲೋವಾಟ್, ಅಂದರೆ 1.3 ಎಚ್‌ಪಿ. ಒಂದೆರಡು ಎಕರೆ ಅಡಿಕೆ ತೋಟದ ಕಳೆಗೆ ಅಷ್ಟು ಧಾರಾಳ ಸಾಕು. ಅಗ್ಗದ ದೊಡ್ಡ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕೈ ಜಾಸ್ತಿ ನಡುಗಿಸುತ್ತದೆ, ಕೆಲಸ ಅಷ್ಟೇ ಮಾಡುತ್ತದೆ. ಕಮ್ಯುನಿಸ್ಟ್ ಗಿಡ, ಲಂಟಾನದಂಥ ಪೊದೆ ತುಂಬಿದ ಬೇಣವೋ ಸೊಪ್ಪಿನ ಬೆಟ್ಟವೋ ಇದ್ದು ವರ್ಷಾ ವರ್ಷಾ ಸವರುವುದಿದ್ದರೆ 40 ಸಿಸಿ ಮೇಲಿನ ಒಳ್ಳೆ ಟೂ ಸ್ಟ್ರೋಕ್ ನೋಡಿ. ಹಿತ್ತಲು, ತರಕಾರಿ ಪಾತಿ, ಅರ್ಧ ಎಕರೆ ಅಂದರೆ 25 ಸಿಸಿ ಸಾಕು. ಹಗುರ ಇರುವುದರಿಂದ ಹೆಂಗಸರೂ ವಯಸ್ಸಾದವರೂ ಅದನ್ನೇ ಇಷ್ಟಪಡುತ್ತಾರೆ.

ಹತ್ತು ಸಾವಿರದ್ದು ಮೂರು ವರ್ಷ ಬಂದ್ರೂ ಸಾಕು. ಮೂವತ್ತು ಸಾವಿರ ಯಾಕೆ ಹಾಕ್ಬೇಕು?

ಇದು ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ತೋಟದಲ್ಲಿಲ್ಲ, ನಿಮ್ಮ ಪೇಟೆಯಲ್ಲಿದೆ. ಕೊಳ್ಳುವ ಮೊದಲು ಒಂದು ದಿನ ಹತ್ತಿರದ ಪೇಟೆಗೆ ಹೋಗಿ, ಮಷೀನ್ ಮಾರುವ ಅಂಗಡಿಗಲ್ಲ, ರಿಪೇರಿ ಮಾಡುವವನ ಹತ್ತಿರ. ಬಾಗಿಲ ಹೊರಗೆ ಯಾವ ಯಾವ ಮಷೀನ್ ನಿಂತಿವೆ ನೋಡಿ. "ಇದರ ಕಾರ್ಬೊರೇಟರ್ ಸಿಗುತ್ತಾ? ಸ್ಟಾರ್ಟರ್ ಹಗ್ಗದ ಸೆಟ್ ಇದೆಯಾ? ಕ್ಲಚ್ ಎಷ್ಟು?" ಅಂತ ಮೂರೇ ಪ್ರಶ್ನೆ ಕೇಳಿ. ತಕ್ಷಣ ಡಬ್ಬ ತೆಗೆದು ತೋರಿಸಿದರೆ ಆ ಮಷೀನ್ ನಂಬಬಹುದು, ಹತ್ತು ಸಾವಿರದ್ದಾದರೂ ಸರಿ. "ಆರ್ಡರ್ ಹಾಕಿ ತರಿಸಬೇಕು" ಅಂದರೆ ಮೂವತ್ತು ಸಾವಿರದ್ದೂ ಬೇಡ. ಜುಲೈಯಲ್ಲಿ ಹದಿನೈದು ದಿನ ಮಷೀನ್ ನಿಂತರೆ ಕಳೆ ಸೊಂಟದವರೆಗೆ ಬಂದಿರುತ್ತದೆ.

ನನ್ನ ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು. ಓಡುವಷ್ಟು ದಿನ ಚೆನ್ನಾಗೇ ಓಡಿತು. ಗೇರ್ ಬಾಕ್ಸ್ ಹೋದಾಗ ಅದಕ್ಕೆ ಕೂರುವ ಇನ್ನೊಂದು ಎಲ್ಲೂ ಸಿಗಲಿಲ್ಲ. ಪೈಪಿನ ದಪ್ಪ 26 ಮಿಮೀ ಇರುತ್ತದೆ, 28 ಇರುತ್ತದೆ, ಒಳಗಿನ ರಾಡಿನ ಹಲ್ಲು 7 ಇರುತ್ತದೆ, 9 ಇರುತ್ತದೆ. ಒಂದಕ್ಕೊಂದು ಕೂರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಲೇಬೇಕು ಅಂತಿದ್ದರೆ ಈ ಎರಡು ಅಳತೆ ನಿಮ್ಮ ಪೇಟೆಯಲ್ಲಿ ಸಿಗುವ ಬಿಡಿಭಾಗಕ್ಕೆ ಹೊಂದುತ್ತದಾ ಅಂತ ನೋಡಿಕೊಂಡು ತರಿಸಿ.

ನಮ್ಮ ಕಡೆ ಈಗಿನ ಅಂದಾಜು ಹೀಗಿದೆ: ಅಗ್ಗದವು 8ರಿಂದ 12 ಸಾವಿರ, ಮಧ್ಯಮ 12ರಿಂದ 20, ಹೆಸರಾಂತ ಕಂಪನಿಯವು 25 ಸಾವಿರದ ಮೇಲೆ. ಎರಡು ಎಕರೆ ಇದ್ದು ನೀವೇ ಹೊಡೆಯುವುದಾದರೆ, ಸರ್ವೀಸ್ ಹತ್ತಿರ ಇದ್ದರೆ, ಕೊನೆಯ ಗುಂಪಿನದನ್ನೇ ತಗೊಳ್ಳಿ ಅಂತ ನನ್ನ ಸಲಹೆ. ಬೆಳಿಗ್ಗೆ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುವ ಮಷೀನ್ ಇದ್ದರೆ ಕೆಲಸಕ್ಕೆ ಮನಸ್ಸು ಬರುತ್ತದೆ.

ಹೆಗಲಿಗೆ ಹಾಕೋದು ಒಳ್ಳೇದಾ, ಬೆನ್ನಿಗೆ ಹೊರೋದಾ?

ಬೆನ್ನಿಗೆ ಹೊರುವುದರಲ್ಲಿ ಎಂಜಿನ್ ಬೆನ್ನ ಮೇಲೆ ಇರುತ್ತದೆ, ಬಗ್ಗುವ ಕೇಬಲ್ ಮೂಲಕ ಪೈಪಿಗೆ ಶಕ್ತಿ ಬರುತ್ತದೆ. ಕಡಿದಾದ ಬರೆ (ದಿಬ್ಬ), ಕಾಲುವೆ ಅಂಚು, ಕಾಫಿ ಗಿಡದ ಅಡಿ, ಇಂಥ ಕಡೆ ಕೈ ಎಲ್ಲಿಗೆ ಬೇಕಾದರೂ ತಿರುಗುತ್ತದೆ. ಆದರೆ ಬೆನ್ನಿಗೆ ಬಿಸಿ ಹೊಡೆಯುತ್ತದೆ, ಆ ಬಗ್ಗುವ ಕೇಬಲ್ ತುಂಡಾಗುವುದು ಇನ್ನೊಂದು ಖರ್ಚು. ಬೀಳುವ ಹಾಗಾದರೆ ಬೇಗ ಬಿಚ್ಚಿ ಎಸೆಯಲೂ ಆಗುವುದಿಲ್ಲ. ಸಾಧಾರಣ ತೋಟಕ್ಕೆ ಹೆಗಲಿನದೇ ಸರಿ, ಸೈಕಲ್ ಹ್ಯಾಂಡಲಿನ ತರ ಎರಡು ಹಿಡಿ ಇರುವುದು.

ಬ್ಯಾಟರಿದು ಬಂದಿದೆಯಂತೆ, ಪೆಟ್ರೋಲ್ ರಗಳೆನೇ ಇಲ್ಲ?

ಒಂದು ಸಣ್ಣ ಲೆಕ್ಕ ಮಾಡೋಣ. 18 ವೋಲ್ಟ್, 4 ಆ್ಯಂಪ್ ಅವರ್ ಬ್ಯಾಟರಿಯಲ್ಲಿ ಇರುವುದು 72 ವಾಟ್ ಅವರ್. ಮೇಲೆ ಹೇಳಿದ 35 ಸಿಸಿ ಎಂಜಿನ್ ಪೂರ್ತಿ ಜೋರಿನಲ್ಲಿ 1,000 ವಾಟ್ ಕೊಡುತ್ತದೆ. ಅಷ್ಟೇ ಜೋರಿನಲ್ಲಿ ಓಡಿಸಿದರೆ ಈ ಬ್ಯಾಟರಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಮೆತ್ತಗಿನ ಹುಲ್ಲಿಗೆ 300 ವಾಟ್ ಸಾಕು ಅಂದರೂ ಕಾಲು ಗಂಟೆ. ಅಂಗಳ, ಹೂವಿನ ಗಿಡದ ಸುತ್ತ, ಬಾವಿ ಕಟ್ಟೆ, ಇಂಥದ್ದಕ್ಕೆ ಬಹಳ ಚೆನ್ನಾಗಿದೆ, ಸದ್ದೂ ಇಲ್ಲ. ಎಕರೆಗಟ್ಟಲೆ ತೋಟಕ್ಕೆ ನಾಲ್ಕಾರು ದೊಡ್ಡ ಬ್ಯಾಟರಿ ಬೇಕು, ಅಷ್ಟು ದುಡ್ಡಿಗೆ ಒಳ್ಳೆ ಪೆಟ್ರೋಲ್ ಮಷೀನೇ ಬರುತ್ತದೆ.

ಸಬ್ಸಿಡಿ ಸಿಗುತ್ತಾ? ಎಲ್ಲಿ ಕೇಳ್ಬೇಕು?

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲೂ ಕೇಳಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 90ರವರೆಗೆ ಸಹಾಯಧನ ಕೊಡುತ್ತಾ ಬಂದಿದ್ದಾರೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ಬೇಕಾದವರಿಗೆ ಜಾತಿ ಪ್ರಮಾಣಪತ್ರ, ಜೊತೆಗೆ ಸರ್ಕಾರದ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ನೋಂದಾಯಿಸಿದ ಎಫ್‌ಐಡಿ (ರೈತರ ಗುರುತಿನ) ನಂಬರು. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ, ಮೊದಲು ಅದನ್ನು ಸರಿಮಾಡಿ.

ಮಂಜೂರಾಗುವ ಮೊದಲು ಮಷೀನ್ ಕೊಂಡರೆ ದುಡ್ಡು ಸಿಗುವುದಿಲ್ಲ. ಇಲಾಖೆಯ ಪಟ್ಟಿಯಲ್ಲಿ ಇರುವ ಮಾಡೆಲ್ಲೇ ಆಗಬೇಕು. ಅನುದಾನ ಬೇಗ ಮುಗಿಯುವುದರಿಂದ ಏಪ್ರಿಲ್, ಮೇನಲ್ಲೇ ವಿಚಾರಿಸುತ್ತಿರಿ. ಇನ್ನೊಂದು, ಪಟ್ಟಿಯ ದರದಲ್ಲಿ ಸಬ್ಸಿಡಿ ಕಳೆದು ನಿಮ್ಮ ಪಾಲು ಎಷ್ಟು ಬರುತ್ತದೆ, ಅದೇ ಮಷೀನ್ ಹೊರಗೆ ನಗದಿಗೆ ಎಷ್ಟಕ್ಕೆ ಸಿಗುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಕೊಳ್ಳುವ ಮೊದಲು ಓಡಿಸಿ ನೋಡಬೇಕು ಅಂದರೆ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಇದೆಯಾ ಕೇಳಿ. ಕೃಷಿ ಮೇಳಗಳಲ್ಲೂ ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ತಗೋಬಹುದು, ಆದರೆ ನೀವು ಹೋಗುವ ಮೊದಲೇ ಅವರು ಸ್ಟಾರ್ಟ್ ಮಾಡಿಟ್ಟಿರಬಾರದು. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಹಗ್ಗ ನಿಧಾನ ಎಳೆದಾಗ ಗಟ್ಟಿಯಾಗಿ ತಡೆ ಸಿಗಬೇಕು, ಸಲೀಸಾಗಿ ಬಂದರೆ ಕಂಪ್ರೆಶನ್ ಹೋಗಿದೆ. ಬ್ಲೇಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಲಟಲಟ ಅಂದರೆ ಗೇರ್ ಬಾಕ್ಸಿನ ಬೇರಿಂಗ್ ಹೋಗಿದೆ. ಬಾಡಿಗೆಗೆ ಓಡಿದ ಮಷೀನ್ ಬೇಡ.

## ದಾರ, ಬ್ಲೇಡು

ದಾರ ಯಾವಾಗ ಹಾಕ್ಬೇಕು, ಬ್ಲೇಡ್ ಯಾವಾಗ?

ಎಳೆ ಹುಲ್ಲು, ಗರಿಕೆ, ಮುಟ್ಟಿದರೆ ಮುನಿ, ಮೊಣಕಾಲಿಗಿಂತ ಕೆಳಗಿನ ಮೆತ್ತಗಿನ ಕಳೆ, ಕಲ್ಲಿರುವ ಜಾಗ: ದಾರ. ಬಲಿತ ಹುಲ್ಲು, ಕಡ್ಡಿಯಾದ ಕಳೆ: ಮೂರು ಹಲ್ಲಿನ ಬ್ಲೇಡು. ಹೆಬ್ಬೆರಳು ದಪ್ಪದ ಪೊದೆ: 40 ಅಥವಾ 80 ಹಲ್ಲಿನ ದುಂಡು ಬ್ಲೇಡು. ಬ್ಲೇಡು ಸಾಮಾನ್ಯವಾಗಿ 255 ಮಿಮೀ ಅಗಲ, ನಡುವಿನ ತೂತು 25.4 ಮಿಮೀ.

ತೋಟದಲ್ಲಿ ಕಳೆ ಎಳೆಯದಾಗಿರುವಾಗಲೇ ಇಳಿದರೆ ಮುಕ್ಕಾಲು ಪಾಲು ಕೆಲಸ ದಾರದಲ್ಲೇ ಮುಗಿಯುತ್ತದೆ. ದನಕ್ಕೆ ಹುಲ್ಲು ಬೇಕಿದ್ದರೆ ಮಾತ್ರ ಬ್ಲೇಡ್ ಹಾಕಿ. ದಾರ ಹುಲ್ಲನ್ನು ಚಿಂದಿ ಮಾಡಿ ಮಣ್ಣು ಮೆತ್ತಿಸುತ್ತದೆ, ದನ ಮೂಸಿ ನೋಡಿ ಬಿಡುತ್ತದೆ, ಮುರಿದ ನೈಲಾನ್ ಚೂರು ಹೊಟ್ಟೆಗೆ ಹೋಗುವ ಭಯವೂ ಇದೆ.

ಕಬ್ಬಿಣದ ಚೈನ್ ತುಂಡು ಸಿಕ್ಕಿಸಿದ ಹೆಡ್ ಯಾರಾದರೂ ಕೊಟ್ಟರೆ ಬಿಟ್ಟಿಗೂ ಬೇಡ. ಕೊಂಡಿ ಕಳಚಿದರೆ ಗುಂಡಿನ ಹಾಗೆ ಹಾರುತ್ತದೆ. ಯುರೋಪಿನಲ್ಲಿ 2012ರಲ್ಲೇ ಅದನ್ನು ಮಾರದಂತೆ ನಿಷೇಧ ಹಾಕಿದ್ದಾರೆ.

ಹತ್ತು ನಿಮಿಷಕ್ಕೊಮ್ಮೆ ದಾರ ತುಂಡಾಗುತ್ತೆ. ತಲೆ ಕೆಟ್ಟು ಹೋಗಿದೆ.

35 ಸಿಸಿಗೆ 2.7ರಿಂದ 3 ಮಿಮೀ ದಪ್ಪದ ದಾರ ಬೇಕು, ಅದಕ್ಕಿಂತ ತೆಳುವಾದದ್ದು ನಿಲ್ಲುವುದಿಲ್ಲ. ಅಂಗಡಿಯ ಬಿಸಿಲಲ್ಲಿ ವರ್ಷಗಟ್ಟಲೆ ನೇತಾಡಿದ ದಾರ ಒಣಗಿ ಪಟಪಟ ಮುರಿಯುತ್ತದೆ. ಹೊಡೆಯುವ ಹಿಂದಿನ ದಿನ ರಾತ್ರಿ ಒಂದು ಬಕೆಟ್ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಮೆತ್ತಗಾಗುತ್ತದೆ, ಬೆಳಿಗ್ಗೆ ಬೆರಳಿಗೆ ಸುತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸುತ್ತುವಾಗ ಒಂದರ ಮೇಲೊಂದು ಅಡ್ಡ ಬೀಳದ ಹಾಗೆ, ಬಾಣದ ಗುರುತಿನ ದಿಕ್ಕಿಗೆ ಬಿಗಿಯಾಗಿ ಸುತ್ತಬೇಕು.

ದಾರದ ತುದಿಯಲ್ಲಿ ಮಾತ್ರ ಕತ್ತರಿಸಿ. ತುಂಬಾ ಜನ ಹೆಡ್ಡನ್ನೇ ಕಳೆಯೊಳಗೆ ತುರುಕುತ್ತಾರೆ. ಗಾರ್ಡ್ ಬಿಚ್ಚಿ ದಾರ ಉದ್ದ ಬಿಟ್ಟುಕೊಂಡರೆ ಬೇಗ ಆಗುತ್ತದೆ ಅನ್ನುವುದೂ ತಪ್ಪು. ದಾರ ಉದ್ದವಾದಷ್ಟೂ ಎಂಜಿನ್ ಎಳೆಯಲಾರದೆ ಬಿಸಿಯಾಗುತ್ತದೆ. ಗಾರ್ಡಿನಲ್ಲಿ ಸಣ್ಣ ಚಾಕು ಇರುವುದೇ ದಾರವನ್ನು ಅಳತೆಗೆ ಕತ್ತರಿಸಲು.

ಮೆಣಸಿನ ಬಳ್ಳಿ ಕತ್ತರಿಸಿ ಹೋಗ್ತಿದೆ, ಡ್ರಿಪ್ ಪೈಪೂ ಹೋಗ್ತಿದೆ. ಏನ್ಮಾಡ್ಲಿ?

ಈ ಸಂಕಟ ನನಗೂ ಆಗಿದೆ. ಐದು ವರ್ಷದ ಬಳ್ಳಿ, ಕರೆ (ಕಾಳಿನ ಗೊನೆ) ತುಂಬಿ ನಿಂತಿತ್ತು. ದಾರ ಬುಡಕ್ಕೆ ತಾಗಿದ್ದು ಗೊತ್ತೇ ಆಗಲಿಲ್ಲ. ನಾಲ್ಕನೇ ದಿನ ಮೇಲಿನ ಎಲೆ ಬಾಡಿದಾಗ ಬಗ್ಗಿ ನೋಡಿದರೆ ಬುಡದ ಸಿಪ್ಪೆ ಸುತ್ತಲೂ ಕೆತ್ತಿ ಹೋಗಿತ್ತು.

ಅವತ್ತಿಂದ ಹೀಗೆ ಮಾಡುತ್ತೇನೆ. ಮಷೀನ್ ಇಳಿಸುವ ಮೊದಲು ಕತ್ತಿ ಹಿಡಿದು ಬಳ್ಳಿ ಇರುವ ಮರಗಳ ಬುಡದಲ್ಲಿ ಒಂದೂವರೆ ಅಡಿ ಸುತ್ತ ಕಳೆ ಬಿಡಿಸುತ್ತೇನೆ. ಎಕರೆಗೆ ಒಂದು ದಿನ ಹಿಡಿಯುತ್ತದೆ, ಬೇಸರ ಮಾಡಿಕೊಳ್ಳಬಾರದು. ಆಮೇಲೆ ಅಲ್ಲಿಗೆ ಸೋಗೆ ಹೆಚ್ಚಿ ಮುಚ್ಚಿಬಿಡುತ್ತೇನೆ, ಮುಂದಿನ ಸುತ್ತಿಗೆ ಅಲ್ಲಿ ಕಳೆ ಕಡಿಮೆ. ಎಳೆ ಅಡಿಕೆ ಸಸಿಗೆ ಬಿದ್ದ ಹಾಳೆಯನ್ನೇ ಬುಡಕ್ಕೆ ಸುತ್ತಿ ನಿಲ್ಲಿಸಿದರೆ ದಾರ ಹಾಳೆಗೆ ಬಡಿಯುತ್ತದೆ, ಸಸಿ ಉಳಿಯುತ್ತದೆ. ಡ್ರಿಪ್ ಪೈಪನ್ನು ಮಳೆ ಶುರುವಾಗುವ ಮೊದಲು ಸುತ್ತಿ ಮರದ ಬುಡಕ್ಕೆ ಕಟ್ಟಿಡಿ. ಎತ್ತಲು ಆಗದ ಕಡೆ ಪಕ್ಕದಲ್ಲಿ ಬಣ್ಣ ಬಳಿದ ಗೂಟ ನೆಡಿ, ಕಳೆಯೊಳಗೆ ಕಪ್ಪು ಪೈಪು ಕಾಣುವುದೇ ಇಲ್ಲ.

ಬ್ಲೇಡಿನ ನಟ್ ಬಿಚ್ಚೋಕೇ ಬರ್ತಿಲ್ಲ!

ಉಲ್ಟಾ ತಿರುಗಿಸುತ್ತಿದ್ದೀರಿ. ಇದು ಎಡ ಮರೆಯ ನಟ್ಟು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಗೇರ್ ಬಾಕ್ಸಿನ ತೂತಿಗೆ ಮಷೀನ್ ಜೊತೆ ಕೊಟ್ಟ ಕಡ್ಡಿ ತೂರಿಸಿ ಹಿಡಿದುಕೊಳ್ಳಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಮೊದಲೇ ಕಿತ್ತಿಡಿ.

ಅದೇ ಮಷೀನಲ್ಲಿ ಭತ್ತ ಕೊಯ್ಯಬಹುದಾ?

ಕೊಯ್ಯಬಹುದು. ಹಲ್ಲು ಜಾಸ್ತಿ ಇರುವ ದುಂಡು ಬ್ಲೇಡು, ಅದರ ಮೇಲೆ ಕೊಯ್ದ ತೆನೆಯನ್ನು ಒಂದು ಪಕ್ಕಕ್ಕೆ ಸಾಲಾಗಿ ಮಲಗಿಸುವ ತಗಡಿನ ಅಡ್ಡೆ ಬೇಕು, ಎರಡೂ ಬೇರೆಯಾಗಿ ಸಿಗುತ್ತವೆ. ಗದ್ದೆ ಒಣಗಿ, ಪೈರು ನೆಟ್ಟಗೆ ನಿಂತಿದ್ದರೆ ಮಾತ್ರ. ಮಳೆಗೆ ಮಲಗಿದ ಪೈರಿಗೆ ಕುಡುಗೋಲೇ ಗತಿ.

## ಹೊಡೆಯುವಾಗ

ಬ್ಲೇಡ್ ಒಮ್ಮೊಮ್ಮೆ ಪಕ್ಕಕ್ಕೆ ಒದೆಯುತ್ತೆ. ಭಯ ಆಗುತ್ತೆ.

ಭಯ ಇರಬೇಕಾದದ್ದೇ. ನಿಮ್ಮ ಕಡೆಯಿಂದ ನೋಡಿದಾಗ ಬ್ಲೇಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸಬೇಕು, ಬ್ಲೇಡಿನ ಎಡಗಡೆಯಲ್ಲಿ. ಬ್ಲೇಡಿನ ಮುಂದಿನ ಬಲ ಮೂಲೆ, ಗಡಿಯಾರದಲ್ಲಿ 1ರಿಂದ 3 ಗಂಟೆ ಇರುವ ಜಾಗ, ಕಲ್ಲಿಗೋ ಮರದ ಮೋಟಿಗೋ ತಾಗಿದರೆ ಒದೆಯುತ್ತದೆ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಹೊಡೆಯಬೇಡಿ, ಅಡ್ಡಡ್ಡ ನಡೆಯಿರಿ.

ನೆಲಕ್ಕೆ ತಾಗಿಸಿ ಬೋಳು ಮಾಡುವುದೂ ಬೇಡ. ಎರಡು ಮೂರು ಇಂಚು ಬಿಟ್ಟು ಹೊಡೆದರೆ ಬ್ಲೇಡೂ ಉಳಿಯುತ್ತದೆ, ಮಣ್ಣೂ ಉಳಿಯುತ್ತದೆ.

ಕನ್ನಡಕ ಹಾಕಿದ್ರೆ ಮಂಜು ಕಟ್ಟುತ್ತೆ, ಹಾಕದೇ ಹೊಡೀತೀನಿ. ಪರವಾಗಿಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣಿಗೆ ಕಲ್ಲಿನ ಚೂರು ಬಡಿಯಲು ಒಂದು ಕ್ಷಣ ಸಾಕು. ಮಳೆಗಾಲಕ್ಕೆ ತಂತಿ ಬಲೆಯ ಮುಖವಾಡ ಬರುತ್ತದೆ, ಅದು ಮಂಜು ಕಟ್ಟುವುದಿಲ್ಲ. ಅದರೊಳಗೆ ಒಂದು ಸಾದಾ ಕನ್ನಡಕ ಹಾಕಿಕೊಂಡರೆ ಸಣ್ಣ ಚೂರಿಗೂ ತಡೆ. ಕಿವಿಗೆ ಮುಚ್ಚುವ ಮಫ್, ಕಾಲಿಗೆ ಗಮ್‌ಬೂಟು, ದಪ್ಪ ಪ್ಯಾಂಟು. ಬೂಟು ಇದ್ದರೆ ಉಂಬಳದ (ಜಿಗಣೆಯ) ಕಾಟವೂ ಕಡಿಮೆ.

ಸುತ್ತ 15 ಮೀಟರ್, ಅಂದರೆ ಐವತ್ತಡಿ ಒಳಗೆ ಯಾರೂ ಇರಬಾರದು. ಮಕ್ಕಳು, ನಾಯಿ ಹಿಂದೆ ಬರುತ್ತವೆ, ಸದ್ದಿಗೆ ನಿಮಗೆ ಗೊತ್ತಾಗುವುದಿಲ್ಲ. ಹೊಡೆಯುವ ಮೊದಲು ಕೋಲು ಹಿಡಿದು ಒಂದು ಸುತ್ತು ಬನ್ನಿ. ಹಾವು ಸರಿದು ಹೋಗುತ್ತದೆ, ಕಣಜದ ಗೂಡು ಕಣ್ಣಿಗೆ ಬೀಳುತ್ತದೆ. ನನಗೆ ಹಾವಿಗಿಂತ ಕಣಜದ್ದೇ ಭಯ, ಬೆಲ್ಟ್ ಬಿಚ್ಚಿ ಓಡುವಷ್ಟರಲ್ಲಿ ಹತ್ತು ಕಡೆ ಕಚ್ಚಿರುತ್ತದೆ. ಬೆಲ್ಟಿನ ಬಕಲ್ ಒಂದೇ ಎಳೆತಕ್ಕೆ ಬಿಚ್ಚುತ್ತದಾ ಅಂತ ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ಒಂದು ಟ್ಯಾಂಕ್ ಮುಗಿದ ಮೇಲೆ ಹತ್ತು ನಿಮಿಷ ಕೂರಿ. ಬೆರಳು ಜುಂ ಅನ್ನುವುದು ನಿಂತ ಮೇಲೆ ಮುಂದಿನ ಟ್ಯಾಂಕ್.

ವರ್ಷಕ್ಕೆ ಎಷ್ಟು ಸಲ ಹೊಡೀಬೇಕು?

ನಾನು ಮೂರು ಸುತ್ತು ಹೊಡೆಯುತ್ತೇನೆ. ಜೂನ್ ಕೊನೆ ಅಥವಾ ಜುಲೈ ಶುರುವಿನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು, ಅಡಿಕೆ ಗೊನೆ ಕೊಯ್ಲಿಗೆ ಮೊದಲು ಒಂದು. ಕೊನೆಯದನ್ನು ತಪ್ಪಿಸಬೇಡಿ, ಉದುರಿದ ಅಡಿಕೆ ಹೆಕ್ಕಲು ನೆಲ ಕಾಣಬೇಕು. ಕಳೆ ಬೀಜ ಕಟ್ಟುವ ಮೊದಲೇ ಹೊಡೆದರೆ ಮುಂದಿನ ವರ್ಷ ಕಡಿಮೆ ಆಗುತ್ತದೆ. ಕಾಂಗ್ರೆಸ್ ಗಿಡವನ್ನಂತೂ ಹೂ ಬಿಡಲು ಬಿಡಲೇಬಾರದು.

## ಸ್ವಲ್ಪ ಆಳದ ಪ್ರಶ್ನೆಗಳು

ಹೋದ ವರ್ಷ ಚೆನ್ನಾಗಿತ್ತು, ಈ ಜೂನ್‌ನಲ್ಲಿ ಸ್ಟಾರ್ಟೇ ಆಗ್ತಿಲ್ಲ.

ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಟ್ಟಿದ್ದಿರಿ, ಅಲ್ವಾ? ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಬೇರೆಯಾಗುತ್ತದೆ, ಕಾರ್ಬೊರೇಟರಿನ ಸಣ್ಣ ತೂತು ಅಂಟಿಕೊಳ್ಳುತ್ತದೆ, ಒಳಗಿನ ರಬ್ಬರಿನ ಪರದೆ ಗಟ್ಟಿಯಾಗುತ್ತದೆ.

ಹೀಗೆ ಮಾಡಿ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ಹೊಸದು ಹಾಕಿ. ಪ್ಲಗ್ ಬಿಚ್ಚಿ ಬ್ರಷ್‌ನಿಂದ ಉಜ್ಜಿ, ಗ್ಯಾಪು 0.6ರಿಂದ 0.7 ಮಿಮೀ ಇರಲಿ. ಗಾಳಿಯ ಫಿಲ್ಟರ್ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೈಲೆನ್ಸರ್ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ನೋಡಿ, ನಮ್ಮಲ್ಲಿ ಎರಡು ಸಲ ಆಗಿದೆ. ರಬ್ಬರ್ ಗುಂಡಿಯನ್ನು ಏಳೆಂಟು ಸಲ ಒತ್ತಿ ಪೆಟ್ರೋಲ್ ಏರಿಸಿ, ಚೋಕ್ ಹಾಕಿ ಎಳೆಯಿರಿ. ಒಮ್ಮೆ ಡರ್ ಅಂದ ತಕ್ಷಣ ಚೋಕ್ ತೆಗೆಯಿರಿ. ತೆಗೆಯದೆ ಎಳೆಯುತ್ತಲೇ ಇದ್ದರೆ ಪ್ಲಗ್ ನೆನೆದು ಹೋಗುತ್ತದೆ. ಹಾಗಾದರೆ ಪ್ಲಗ್ ಬಿಚ್ಚಿ ಒರೆಸಿ, ನಾಲ್ಕು ಸಲ ಹಗ್ಗ ಎಳೆದು, ಮತ್ತೆ ಹಾಕಿ. ಇಷ್ಟಕ್ಕೂ ಆಗದಿದ್ದರೆ ಕಾರ್ಬೊರೇಟರ್ ಬಿಚ್ಚಬೇಕು, ಅದನ್ನು ಮೆಕ್ಯಾನಿಕ್ ಮಾಡಲಿ.

ಮುಂದಿನ ವರ್ಷ ಕೊನೆ ಸುತ್ತು ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಆಕ್ಸಿಲರೇಟರ್ ಬಿಟ್ರೂ ಬ್ಲೇಡ್ ತಿರುಗ್ತಾನೇ ಇರುತ್ತೆ.

ಹೊಡೆಯುವುದನ್ನು ನಿಲ್ಲಿಸಿ, ಇದು ಅಪಾಯ. ಒಂದೋ ಐಡಲ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಓಟ) ಜಾಸ್ತಿ ಇಟ್ಟಿದ್ದಾರೆ, ಐಡಲ್ ಸ್ಕ್ರೂ ಸ್ವಲ್ಪ ಸಡಿಲಿಸಿದರೆ ನಿಲ್ಲುತ್ತದೆ. ಇಲ್ಲ ಅಂದರೆ ಕ್ಲಚ್ಚಿನ ಸ್ಪ್ರಿಂಗ್ ಹೋಗಿದೆ. ಸ್ಪ್ರಿಂಗಿಗೆ ಹೆಚ್ಚು ಖರ್ಚಿಲ್ಲ, ಆದರೆ ಹಾಗೇ ಓಡಿಸಿದರೆ ಕ್ಲಚ್ ಪೂರ್ತಿ ಸುಡುತ್ತದೆ.

ಮನೆಯಲ್ಲೇ ಏನೇನು ಸರ್ವೀಸ್ ಮಾಡ್ಕೋಬಹುದು?

ಫೋರ್ ಸ್ಟ್ರೋಕ್ ಆದರೆ ಹೊಸ ಮಷೀನಿನ ಮೊದಲ ಆಯಿಲ್ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಬದಲಾಯಿಸಿ. 10ಡಬ್ಲ್ಯೂ-30 ಆಯಿಲ್. ಬಿಸಿ ಇರುವಾಗಲೇ ಸುರಿದರೆ ಕೊಳೆ ಸಮೇತ ಬರುತ್ತದೆ. ಗೇರ್ ಬಾಕ್ಸಿನ ಪಕ್ಕದ ಸಣ್ಣ ಬೋಲ್ಟ್ ಬಿಚ್ಚಿ 25 ಗಂಟೆಗೊಮ್ಮೆ ಗ್ರೀಸ್ ತುಂಬಿ. ತುಂಬಾ ಜನ ಇದೊಂದನ್ನು ಮರೆಯುತ್ತಾರೆ, ಗೇರ್ ಬಾಕ್ಸ್ ಬಿಸಿಯಾಗಿ ಬೇರಿಂಗ್ ಹೋಗುವುದು ಅದರಿಂದಲೇ. ಬ್ಲೇಡಿನ ಮೂರೂ ಹಲ್ಲಿಗೆ ಅರ (ಫೈಲ್) ಎಷ್ಟು ಸಲ ಎಳೆಯುತ್ತೀರೋ ಎಣಿಸಿ ಎಳೆಯಿರಿ, ಒಂದು ಹಲ್ಲು ಜಾಸ್ತಿ ಸವೆದರೆ ತೂಕ ತಪ್ಪಿ ಮಷೀನ್ ನಡುಗುತ್ತದೆ. ಬಿರುಕು ಕಂಡ ಬ್ಲೇಡನ್ನು ವೆಲ್ಡ್ ಮಾಡಿಸಬೇಡಿ, ಗುಜರಿಗೆ ಹಾಕಿ.

ಎರಡು ಮೂರು ಮನೆ ಸೇರಿ ಒಂದು ಒಳ್ಳೇದು ತಗೊಂಡ್ರೆ ಹೇಗೆ?

ತೋಟ ಒಂದೊಂದು ಎಕರೆ ಇರುವವರಿಗೆ ಇದೇ ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಜಗಳ ಬರುವುದು ಪೆಟ್ರೋಲಿಗಲ್ಲ, ರಿಪೇರಿಗೆ. ನಾವು ಪಕ್ಕದ ಮನೆಯವರ ಜೊತೆ ಸೇರಿ ತಗೊಂಡು ಈಗ ನಾಲ್ಕನೇ ಮಳೆಗಾಲ. ಬ್ಲೇಡು, ದಾರ, ಬೆಲ್ಟು ಅವರವರದು. ಎಂಜಿನ್, ಗೇರ್ ಬಾಕ್ಸ್ ರಿಪೇರಿ ಓಡಿದ ಗಂಟೆ ಲೆಕ್ಕದಲ್ಲಿ ಹಂಚಿಕೆ. ಮಷೀನ್ ನೇತು ಹಾಕುವ ಮೊಳೆಯ ಪಕ್ಕ ಒಂದು ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಪೆನ್ನು ಕಟ್ಟಿದೆ. ತಾರೀಕು, ಎಷ್ಟು ಟ್ಯಾಂಕ್, ಆಯಿಲ್ ನೋಡಿದ್ದು ಹೌದೋ ಅಲ್ಲವೋ, ಇಷ್ಟೇ ಬರೆಯುವುದು. ಯಾರು ಮೊದಲು ಹೊಡೆಯಬೇಕು ಅನ್ನುವುದನ್ನು ಮೇ ತಿಂಗಳಲ್ಲೇ ಕೂತು ಮಾತಾಡಿಕೊಳ್ಳುತ್ತೇವೆ. ಒಂದು ವರ್ಷ ಅವರು ಮೊದಲು, ಮುಂದಿನ ವರ್ಷ ನಾವು.